ಕ್ಷಮಿಸಿದ್ದೇವೆ ಎಂದರೆ ಒಪ್ಪಿದ್ದೇವೆ ಎಂದಲ್ಲ: ಉತ್ತರ ಕನ್ನಡದ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸಿದ್ದಾಪುರ, ಶಿರಸಿ ತಾಲೂಕುಗಳ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು ನಾನು. ಈಗಲೂ ಊರಿನವರು ರಕ್ತದೊತ್ತಡ ನೋಡಿಸಿಕೊಳ್ಳಲು ನಮ್ಮ ಜಗುಲಿಗೆ ಬರುತ್ತಾರೆ. ತೋಳಿಗೆ ಪಟ್ಟಿ ಸುತ್ತುವಷ್ಟರಲ್ಲಿ ಅಡಿಕೆ ದರದ ಮಾತು ಮುಗಿದು ಸರ್ವೆ, ನೋಟಿಸು, ಹೊಸ ಯೋಜನೆಗಳ ಮಾತು ಬಂದಿರುತ್ತದೆ. ಪಾದರಸ ಏರುವುದು ಆಗಲೇ. ಬಾಯಿ ಮುಚ್ಚಿ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಬೇಕಾಗುತ್ತದೆ.

ಕಾಡಿನ ವಿಷಯ ಬರೆಯಲು ಇವಳು ಯಾರು ಎಂದು ನಿಮ್ಮ ಕಚೇರಿಯವರು ಕೇಳಬಹುದು. ಕಾಡು ಹೋದ ಸುದ್ದಿ ಅರಣ್ಯ ಇಲಾಖೆಯ ಕಡತ ಸೇರುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿಗಳ ಪುಸ್ತಕ ಸೇರುತ್ತದೆ. ಆ ಪುಸ್ತಕ ಬರೆದವಳು ನಾನು.

ಮಂಗನ ಕಾಯಿಲೆಯಿಂದಲೇ ಆರಂಭಿಸುತ್ತೇನೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಾದ ರೋಗ ಇದು. 2024ರ ಬೇಸಗೆಯಲ್ಲಿ ಸಿದ್ದಾಪುರ ತಾಲೂಕು ಅದರಿಂದ ನರಳಿದ್ದು ನಿಮಗೆ ನೆನಪಿರಬೇಕು. ಹರಡುವುದು ಉಣುಗು. ಅದು ಇರುವುದು ಕಾಡಿನಲ್ಲೇ ಆದರೂ, ಜನರಿಗೆ ಅಂಟುವುದು ಹೆಚ್ಚಾಗಿ ಕಾಡು ತುಂಡಾದ ಅಂಚಿನಲ್ಲಿ. ಒಂದು ಕಡೆ ತೋಟ, ಒಂದು ಕಡೆ ನೆಡುತೋಪು, ನಡುವೆ ಉಳಿದ ಚೂರುಪಾರು ಕಾಡು ಇರುವಲ್ಲಿ. ಬೆಳೆದ ಉಣುಗು ದನದ ಮೈಮೇಲೆ ರಕ್ತ ಹೀರಿ ಸೊಂಪಾಗಿ ಹೆಚ್ಚುತ್ತದೆ. ಆ ದನ ಮೇಯುವುದೂ, ನಮ್ಮ ಹೆಂಗಸರು ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವುದೂ ಅದೇ ಅಂಚಿನಲ್ಲಿ. ಕಾಡು ಹರಿದಲ್ಲಿ ಈ ರೋಗದ ಅಪಾಯ ಏರುತ್ತದೆ ಎಂದು ಪಶ್ಚಿಮ ಘಟ್ಟದಲ್ಲೇ ನಡೆದ ಅಧ್ಯಯನಗಳು ಹೇಳಿವೆ.

ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು 2022ರಲ್ಲಿ ನಿಂತಿತು. ಹೊಸದು ಇನ್ನೂ ಪ್ರಯೋಗದಲ್ಲಿದೆ. ಹಾಗಾಗಿ ಸದ್ಯಕ್ಕೆ ನಮಗಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ. ಬೆಳಿಗ್ಗೆ ಕಾಡಿಗೆ ಹೊರಟವರನ್ನು ನಿಲ್ಲಿಸಿ ಹಿಮ್ಮಡಿಯಿಂದ ಮಂಡಿಯವರೆಗೆ, ಅಂಗೈ ಬಿಟ್ಟು ತೋಳಿನವರೆಗೆ ಹಚ್ಚಿಸುತ್ತಿದ್ದೆ. ಬೆವರು ಹರಿದರೆ ಎಣ್ಣೆಯೂ ಹೋಯಿತು. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಕುದಿಸುವುದು, ಮೈ ತಡಕಿ ನೋಡುವುದು. ರೋಗ ಅಂಟಿಸುವ ಮರಿ ಉಣುಗು ಎಳ್ಳುಕಾಳಿಗಿಂತ ಚಿಕ್ಕದು. ಬೆನ್ನಿನ ಮೇಲೆ ಕುಳಿತದ್ದನ್ನು ಬೇರೆಯವರು ದೀಪ ಹಿಡಿದು ಹುಡುಕಬೇಕು. ಒಂಟಿ ಮುದುಕಿಯರಿಗೆ ಆ ‘ಬೇರೆಯವರು’ ಎಲ್ಲಿಂದ ಬರಬೇಕು? ಮಂಗ ಸತ್ತ ಜಾಗದ ಸುತ್ತ ಐವತ್ತು ಮೀಟರ್ ಉಣುಗು ಕೊಲ್ಲುವ ಪುಡಿ ಹಾಕಿಸುವ ಕ್ರಮವೇನೋ ಇದೆ. ಆದರೆ ಸತ್ತದ್ದು ಕಣ್ಣಿಗೆ ಬಿದ್ದು, ಫೋನ್ ಸಿಗ್ನಲ್ ಸಿಕ್ಕಿ, ಜೀಪು ಬಂದು ತಲುಪುವ ಹೊತ್ತಿಗೆ ಉಣುಗುಗಳು ಹೆಣ ಬಿಟ್ಟು ಇಳಿದಿರುತ್ತವೆ.

ಇನ್ನು ನೀರು. ಹೊನ್ನಾವರದ ಕಡೆಯ ಹಳ್ಳಗಳನ್ನು ಅಳೆದ ಜಲತಜ್ಞರು ಕಂಡದ್ದು, ಸಹಜ ಕಾಡಿನ ನೆಲ ಮಳೆಯನ್ನು ಕುಡಿದು ಬೇಸಗೆಗೆ ಬಿಟ್ಟುಕೊಡುತ್ತದೆ, ಬೋಳಾದ ನೆಲ ಬಂದ ನೀರನ್ನು ಹಾಗೆಯೇ ಹೊಳೆಗೆ ತಳ್ಳುತ್ತದೆ ಎಂಬುದನ್ನು. ಅಕೇಶಿಯಾ ನೆಟ್ಟು ಹಸಿರು ಮಾಡಿದ ಜಾಗ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ‘ಕಡಿದಷ್ಟು ಮರ ನೆಡುತ್ತೇವೆ’ ಎಂಬ ಭಾಷಣ ಬರೆದುಕೊಡುವವರಿಗೆ ದಯವಿಟ್ಟು ಇದನ್ನು ತಿಳಿಸಿ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು, ಆ ಜೌಗು ಕಾಡನ್ನು, ಯಾವ ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸುತ್ತೀರಿ? ಹಳ್ಳ ಮಾರ್ಚಿಗೇ ಬತ್ತಿದರೆ ಮೊದಲು ಏರುವುದು ವಾಂತಿಭೇದಿಯ ಪ್ರಕರಣ, ಟ್ಯಾಂಕರಿನ ಮಾತು ಆಮೇಲೆ.

ಗುಡ್ಡ ಕುಸಿತದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡ, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಎಲ್ಲವೂ ಮರ ಕಡಿದದ್ದರಿಂದಲೇ ಆದದ್ದು ಎನ್ನುವವಳು ನಾನಲ್ಲ. ಕಳಚೆಯ ಸುತ್ತ ಕಾಡಿತ್ತು, ಅಂದಿನ ಮಳೆಯೇ ಅಷ್ಟು ಜೋರಾಗಿತ್ತು. ಶಿರೂರಿನ ಕಥೆ ಬೇರೆ. ಅಲ್ಲಿ ಹೆದ್ದಾರಿಗಾಗಿ ಗುಡ್ಡದ ಬುಡವನ್ನೇ ಕಡಿದಾಗಿ ಕತ್ತರಿಸಲಾಗಿತ್ತು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳೂ ಹೋದವು. ರಸ್ತೆಯನ್ನೇ ಬಳಸದೆ ತಮ್ಮ ಮನೆಯಲ್ಲಿದ್ದವರು ಅವರು.

ನಮ್ಮದು ಒಂದು ಜಿಲ್ಲೆಯ ಗೋಳು ಮಾತ್ರ ಅಲ್ಲ. 2024ರಲ್ಲಿ ಜಗತ್ತಿನ ಉಷ್ಣವಲಯ 67 ಲಕ್ಷ ಹೆಕ್ಟೇರ್ ಮೂಲ ಕಾಡು ಕಳೆದುಕೊಂಡಿತು. ಉಷ್ಣವಲಯದಲ್ಲಿ ಕಾಡು ಹೋದ ಕಡೆ ಏರಿದ ತಾಪಕ್ಕೆ ವರ್ಷಕ್ಕೆ ಸುಮಾರು 28 ಸಾವಿರ ಜನ ಸಾಯುತ್ತಿದ್ದಾರೆಂದು 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ನಾವೂ ಸಾಚಾ ಅಲ್ಲ, ಒಪ್ಪುತ್ತೇನೆ. ಅಡಿಕೆಗೆ ಬೆಲೆ ಬಂದಂತೆಲ್ಲ ತೋಟಕ್ಕೆ ಸೊಪ್ಪು ತರಲೆಂದು ಇರುವ ಸೊಪ್ಪಿನ ಬೆಟ್ಟವೇ ಮೆಲ್ಲಗೆ ತೋಟವಾಗುವುದನ್ನು ಘಟ್ಟದ ಮೇಲಿನವರು ಯಾರೂ ಅಲ್ಲಗಳೆಯಲಾರರು.

ಈಗ ಈ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ.

ನನ್ನ ಜಗುಲಿಗೆ ಬರುವವರಲ್ಲಿ ಒಬ್ಬ ಹಿರಿಯರಿದ್ದಾರೆ. ಅವರ ತೋಟದ ಒಂದು ಪಾಲು ಮಣ್ಣಿನಡಿ ಹೋಗಿದೆ. ಪರಿಹಾರಕ್ಕಾಗಿ ಒಂದು ಕಚೇರಿಗೆ ಅಲೆದರು. ಅಲೆದ ದಿನ ರಾತ್ರಿ ನಿದ್ದೆಯಿಲ್ಲ, ಎದೆ ಬಡಿತ, ಮನೆಯವರ ಮೇಲೆ ರೇಗಾಟ. ಮಾತ್ರೆ ಹೆಚ್ಚಿಸಿದರೂ ರಕ್ತದೊತ್ತಡ ಇಳಿಯಲಿಲ್ಲ. ‘ಬಿಟ್ಟುಬಿಡಿ, ಅವರನ್ನು ಕ್ಷಮಿಸಿಬಿಡಿ’ ಎಂದು ವೈದ್ಯರೂ ಹೇಳಿದರು, ನಾನೂ ಹೇಳಿದೆ. ಇದು ಬರೀ ಪ್ರವಚನದ ಮಾತಲ್ಲ. ಹಗೆಯನ್ನು ಮೆಲುಕು ಹಾಕುತ್ತಿದ್ದರೆ ನಾಡಿಯೂ ರಕ್ತದೊತ್ತಡವೂ ಏರುವುದನ್ನು ಪ್ರಯೋಗಗಳು ತೋರಿಸಿವೆ. ಐದು ಕಡೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಷಮಿಸುವುದನ್ನು ಅಭ್ಯಾಸ ಮಾಡಿಕೊಂಡವರ ಖಿನ್ನತೆ, ಆತಂಕ ತಗ್ಗಿದ್ದು ಕಂಡಿದೆ.

ಹಿರಿಯರು ನಿಜವಾಗಿಯೂ ಬಿಟ್ಟರು. ಕಚೇರಿಗೆ ಹೋಗುವುದನ್ನೂ ಬಿಟ್ಟರು. ನಿದ್ದೆ ಮರಳಿತು, ಊಟ ಸೇರಿತು. ಕೆಲವು ತಿಂಗಳ ಬಳಿಕ ಬಂದ ಕಾಗದದಲ್ಲಿ ‘ಅರ್ಜಿದಾರರು ಆಸಕ್ತಿ ತೋರದ ಕಾರಣ ಕಡತ ಮುಕ್ತಾಯಗೊಳಿಸಿದೆ’ ಎಂದಿತ್ತು. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಸಚಿವರೇ, ಈ ಜಿಲ್ಲೆಯಲ್ಲಿ ಇಷ್ಟು ವರ್ಷ ಆಗಿರುವುದು ಇದೇ. ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿದವರು, ಕದ್ರಾ, ಕೊಡಸಳ್ಳಿಗೆ ಜಾಗ ಬಿಟ್ಟವರು, ಕೈಗಾ ಅಣುಸ್ಥಾವರದ ಊರಿನವರು, ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಹತ್ತಿದ ಸೀಬರ್ಡ್ ನೌಕಾನೆಲೆಯ ನಿರಾಶ್ರಿತರು. ಬಹುತೇಕರು ಸಿಟ್ಟನ್ನು ನುಂಗಿ ಬದುಕು ಕಟ್ಟಿಕೊಂಡರು. ಅವರ ಆರೋಗ್ಯಕ್ಕೆ ಅದು ಬೇಕಿತ್ತು. ಆ ಮೌನವನ್ನು ಸರ್ಕಾರ ಓದಿಕೊಂಡದ್ದು ಮಾತ್ರ ಒಪ್ಪಿಗೆ ಎಂದು. ಶರಾವತಿಯ ನೀರನ್ನು ಮೇಲೆತ್ತಿ ಮತ್ತೆ ಇಳಿಸಿ ವಿದ್ಯುತ್ ಮಾಡುವ ಪಂಪ್ಡ್ ಸ್ಟೋರೇಜ್ ಯೋಜನೆ ಬಂತು, ಬೇಡ್ತಿ, ಅಘನಾಶಿನಿ ನದಿಗಳನ್ನು ತಿರುಗಿಸುವ ಮಾತು ಬಂತು. ಕ್ಷಮಿಸುವುದು ನೊಂದವರ ಸ್ವಂತ ವಿಚಾರ. ಅದನ್ನು ಕೇಳುವ ಅಧಿಕಾರ ನೋಯಿಸಿದವರಿಗಿಲ್ಲ, ಅದನ್ನು ಪರವಾನಗಿ ಎಂದು ಲೆಕ್ಕ ಹಿಡಿಯುವ ಅಧಿಕಾರವಂತೂ ಇಲ್ಲವೇ ಇಲ್ಲ. ಹೊಡೆತ ಇನ್ನೂ ಬೀಳುತ್ತಿರುವಾಗ ಕ್ಷಮಿಸಿ ಎಂದು ಯಾವ ದಾದಿಯೂ ಹೇಳುವುದಿಲ್ಲ, ಮೊದಲು ಹೊಡೆಯುವ ಕೈ ಹಿಡಿಯುತ್ತಾಳೆ.

ಹೊಡೆತ ನಿಂತರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯ ಕಾಡಿನಲ್ಲಿ ಜನ ಮರ ಅಪ್ಪಿಕೊಂಡರು. ಮುಂದೆ ಹಸಿರು ಮರ ಕಡಿಯುವುದಕ್ಕೆ ತಡೆ ಬಿತ್ತು. ಅದಕ್ಕೂ ಹಿಂದೆ ಬೇಡ್ತಿ ಜಲವಿದ್ಯುತ್ ಯೋಜನೆ ಜನರ ವಿರೋಧಕ್ಕೆ ಮಣಿದು ಹಿಂದೆ ಸರಿಯಿತು. ಅಂದು ಅರಣ್ಯ ಇಲಾಖೆಯ ಮೇಲೆ ಕೆಂಡ ಕಾರಿದ ಊರುಗಳವರು ಬೇಸಗೆಯ ಕಾಡ್ಗಿಚ್ಚು ನಂದಿಸಲು ಅದೇ ಇಲಾಖೆಯ ಗಾರ್ಡುಗಳ ಜೊತೆ ಸೊಪ್ಪು ಹಿಡಿದು ಓಡಿದ್ದನ್ನು ನೋಡಿದ್ದೇನೆ. ಯಾರೂ ಅವರಿಗೆ ಕ್ಷಮೆಯ ಪಾಠ ಹೇಳಿರಲಿಲ್ಲ.

ನಾವು ಏನನ್ನೂ ಬೇಡ ಎನ್ನುವ ಜನ ಎಂಬ ಹೆಸರಿದೆ. ರೈಲು ಬೇಡ ಎಂದವರಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ ಎರಡು ಲಕ್ಷ ಮರ ಬೇಕೇ ಬೇಕೆ ಎಂದು ಕೇಳಿದವರಿದ್ದಾರೆ. ಎಲ್ಲ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಯನ್ನಂತೂ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೇಳಿತು. ಇವತ್ತಿಗೂ ತಲೆಗೆ ಪೆಟ್ಟು ಬಿದ್ದವರನ್ನು ಹೊತ್ತ ಆಂಬುಲೆನ್ಸ್ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತದೆ, ಮಳೆಗಾಲದಲ್ಲಿ ಗುಡ್ಡ ಕುಸಿದಿದ್ದರೆ ಸುತ್ತು ಹಾಕಿ ಓಡುತ್ತದೆ.

ನಾನು ಕೇಳುತ್ತಿರುವುದು ಯಾವುದೂ ಸಂಪುಟದ ಮುಂದೆ ಹೋಗಬೇಕಾದದ್ದಲ್ಲ. ಕುಸಿಯಬಹುದಾದ ಇಳಿಜಾರುಗಳ ಬಗ್ಗೆ ಭೂವಿಜ್ಞಾನಿಗಳು ಹೇಳಿರುವುದನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಕನ್ನಡದಲ್ಲಿ, ಮಳೆಗಾಲಕ್ಕೆ ಮೊದಲು ಅಂಟಿಸಿ. ಯೋಜನೆಗಳ ಪರಿಸರ ವರದಿ ಪೂರ್ತಿಯಾಗಿ ಕನ್ನಡಕ್ಕೆ ಬರಲಿ, ಈಗ ಬರುವುದು ಸಾರಾಂಶ ಮಾತ್ರ. ಹೆಕ್ಟೇರು, ಮರಗಳ ಲೆಕ್ಕದ ಜೊತೆ ಆ ಕಾಡಂಚಿನ ಊರುಗಳ ಜ್ವರದ ಲೆಕ್ಕವೂ ಅದರಲ್ಲಿರಲಿ. ಅಹವಾಲು ಸಭೆಯನ್ನು ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ಇಟ್ಟು ‘ಜನ ಬರಲಿಲ್ಲ’ ಎಂದು ಬರೆಯಬೇಡಿ. ‘ಆಸಕ್ತಿ ತೋರಿಲ್ಲ’ ಎಂದು ಮುಚ್ಚಿದ ಕಡತಗಳನ್ನು ತರಿಸಿ ನೋಡಿ, ಎಷ್ಟು ಮನೆಗಳಲ್ಲಿ ಅರ್ಜಿದಾರರು ಬರೀ ದಣಿದಿದ್ದಾರೆ ಎಂಬುದು ಗೊತ್ತಾದೀತು.

ಮಂಗನ ಕಾಯಿಲೆಯ ಕಾಲ ಡಿಸೆಂಬರಿಗೆಲ್ಲ ಹಿಡಿಯುತ್ತದೆ. ಡೆಪಾ ಎಣ್ಣೆ ನವೆಂಬರ್ ಮುಗಿಯುವುದರೊಳಗೆ ಉಪಕೇಂದ್ರಗಳನ್ನು ತಲುಪಬೇಕು, ಅದೂ ಸಭೆಯಲ್ಲಿ ತೋರಿಸುವ ಪೆಟ್ಟಿಗೆಯಷ್ಟಲ್ಲ, ಮನೆಗೊಂದರಂತೆ ಮೇ ತಿಂಗಳವರೆಗೆ ಸಾಲುವಷ್ಟು.

ಇತಿ,
ನಿವೃತ್ತ ಆರೋಗ್ಯ ಸಹಾಯಕಿ
ಶಿರಸಿ ತಾಲೂಕು