ಇಂಗಾಲದ ಲೆಕ್ಕ ಎಂ-ಬುಕ್ಕಿಗೆ (ಕಾಮಗಾರಿಯ ಅಳತೆ ಪುಸ್ತಕಕ್ಕೆ) ಬರಲಿ: ಲೋಕೋಪಯೋಗಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಟ್ಟಡದ ಉದ್ಘಾಟನೆಗೆ ತಾವು ಟೇಪು ಕತ್ತರಿಸುವ ಹೊತ್ತಿಗೆ ಅದರ ಪಾಲಿನ ದೊಡ್ಡ ಮೊತ್ತದ ಇಂಗಾಲ ಆಗಲೇ ಗಾಳಿ ಸೇರಿರುತ್ತದೆ. ಸಿಮೆಂಟು, ಕಬ್ಬಿಣ, ಇಟ್ಟಿಗೆ ತಯಾರಾಗುವಾಗ, ಲಾರಿಯಲ್ಲಿ ಬರುವಾಗ, ಸೈಟಿನಲ್ಲಿ ಕಟ್ಟುವಾಗ ಹೊರಬಿದ್ದದ್ದು ಅದು. ಅಂತರ್ಗತ ಇಂಗಾಲ ಎನ್ನುತ್ತಾರೆ. ಇದನ್ನು ಲೆಕ್ಕ ಹಾಕುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು ಇಟ್ಟಿಗೆ, ಮಣ್ಣಿನ ಬ್ಲಾಕು, ಚಾವಣಿಗಳ ಅಂತರ್ಗತ ಶಕ್ತಿಯ (ತಯಾರಿಕೆಗೆ ತಗಲುವ ಶಕ್ತಿಯ) ಲೆಕ್ಕವನ್ನು 2003ರಲ್ಲೇ ಪ್ರಕಟಿಸಿದ್ದರು. ನಮ್ಮಲ್ಲಿ ಇಲ್ಲದಿರುವುದು ತಾಳೆ ನೋಡುವ ಪದ್ಧತಿ. ಕನ್ಸಲ್ಟೆಂಟರು ನಕ್ಷೆ ನೋಡಿ ಒಂದು ಅಂಕಿ ಬರೆದರೆ ಅಲ್ಲಿಗೆ ಮುಗಿಯಿತು. ಕಟ್ಟಿದ್ದು ಬೇರೆಯೇ ಇರುತ್ತದೆ.

ಸಿಮೆಂಟನ್ನೇ ನೋಡಿ. 100 ಕೆ.ಜಿ. ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನಿಂದಲೇ 44 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಏಳುತ್ತದೆ. ಗೂಡಿಗೆ ಹಾಕಿದ ಕಲ್ಲಿದ್ದಲಿನದು ಬೇರೆ. ಒಂದು ಘನ ಮೀಟರ್ ಎಂ25 ದರ್ಜೆಯ ಕಾಂಕ್ರೀಟಿಗೆ 340 ಕೆ.ಜಿ. ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್) ಹಾಕಿ, ಕೆ.ಜಿ. ಸಿಮೆಂಟಿಗೆ 0.85 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಹಿಡಿದರೆ, ಸಿಮೆಂಟಿನ ಪಾಲೇ 289 ಕೆ.ಜಿ. ಅರ್ಧ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಇರುವ ಪಿಎಸ್‌ಸಿ ಸಿಮೆಂಟ್ ಬಳಸಿದರೆ ಇದು ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ. ಆದರೆ ಐಎಸ್ 455 ಎಂಬ ಭಾರತೀಯ ಮಾನಕದ ಪ್ರಕಾರ ಪಿಎಸ್‌ಸಿಯಲ್ಲಿ ಸ್ಲ್ಯಾಗ್ 25ರಿಂದ 70 ಪ್ರತಿಶತದವರೆಗೆ ಎಷ್ಟಾದರೂ ಇರಬಹುದು. ಚೀಲದ ಮೇಲಿನ ಹೆಸರು ಒಂದೇ, ಒಳಗಿನ ಇಂಗಾಲಕ್ಕೆ ದುಪ್ಪಟ್ಟಿಗೂ ಮೀರಿದ ಅಂತರ. ಹಾಗಾಗಿ ‘ಪಿಎಸ್‌ಸಿ ಬಳಸಲಾಗಿದೆ’ ಎಂಬ ಷರಾ ಸಾಲದು. ಆ ವಾರದ ಟೆಸ್ಟ್ ಸರ್ಟಿಫಿಕೇಟಿನ ಸ್ಲ್ಯಾಗ್ ಪ್ರಮಾಣ ದಾಖಲಾಗಬೇಕು.

ಎಡವಟ್ಟಾಗುವುದು ಆಮೇಲೆ. ಸ್ಲ್ಯಾಗ್ ಕಾಂಕ್ರೀಟು ಮೊದಲ ವಾರದಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. 7ನೇ ದಿನದ ಕ್ಯೂಬ್ ಪರೀಕ್ಷೆ (ಕಾಂಕ್ರೀಟಿನ ಘನ ಒಡೆದು ಬಲ ನೋಡುವುದು) ಸೋತೀತೆಂಬ ಭಯ, ಸೆಂಟ್ರಿಂಗ್ ಬೇಗ ಬಿಚ್ಚುವ ಅವಸರ. ಕಾಂಕ್ರೀಟ್ ಪ್ಲಾಂಟಿನಲ್ಲಿ ಇನ್ನೊಂದು 40 ಕೆ.ಜಿ. ಸಿಮೆಂಟ್ ಸುರಿಯುತ್ತಾರೆ. ಮಿಕ್ಸ್ ಡಿಸೈನಿನ ಕಾಗದ ಮಾತ್ರ ಹಳೆಯದೇ. ಆರ್‌ಎಂಸಿ (ಸಿದ್ಧ ಕಾಂಕ್ರೀಟ್) ಲಾರಿಯ ಬ್ಯಾಚ್ ಸ್ಲಿಪ್ಪಿನಲ್ಲಿ ‘ಟಾರ್ಗೆಟ್’ ಮತ್ತು ‘ಆಕ್ಚುವಲ್’ ಎಂಬ ಎರಡು ಸಾಲುಗಳಿರುತ್ತವೆ. ಈ 40 ಕೆ.ಜಿ. ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಪ್ರಿಂಟ್ ತೆಗೆದ ಸಾರಾಂಶ ಬೇಡ, ಪ್ಲಾಂಟಿನ ಕಂಪ್ಯೂಟರಿನ ಮೂಲ ಫೈಲನ್ನೇ ಕೇಳಿ. ರಾಫ್ಟು, ಅಡಿಪಾಯಗಳಿಗೆ ಪೂರ್ಣ ಭಾರ ಬೀಳುವುದು ತಿಂಗಳುಗಳ ನಂತರ. ಅಲ್ಲಿ 56ನೇ ದಿನದ ಬಲ ಒಪ್ಪಿದರೆ ಈ ಕಳ್ಳ ಸಿಮೆಂಟಿಗೆ ಕಾರಣವೇ ಉಳಿಯುವುದಿಲ್ಲ.

ಕಬ್ಬಿಣದ್ದು ಇನ್ನೊಂದು ಭ್ರಮೆ. ಇಂಡಕ್ಷನ್ ಫರ್ನೇಸಿನ (ವಿದ್ಯುತ್ ಕುಲುಮೆಯ) ಸರಳು ಎಂದರೆ ಗುಜರಿ ಕರಗಿಸಿದ್ದು, ಆದ್ದರಿಂದ ಹಸಿರು ಎಂಬ ಮಾತು ಚಾಲ್ತಿಯಲ್ಲಿದೆ. ಗುಜರಿಯ ಜೊತೆ ಅದಿರಿನಿಂದ ಕಲ್ಲಿದ್ದಲು ಬಳಸಿ ತೆಗೆದ ಸ್ಪಾಂಜ್ ಐರನ್ ಸೇರಿದರೆ ಆ ಮಾತು ಸುಳ್ಳಾಗುತ್ತದೆ. ಕೇಂದ್ರ ಉಕ್ಕು ಸಚಿವಾಲಯ ಡಿಸೆಂಬರ್ 2024ರಲ್ಲಿ ಹಸಿರು ಉಕ್ಕಿಗೆ ಮಿತಿ ಗೊತ್ತು ಮಾಡಿದೆ: ಟನ್ ಉಕ್ಕಿಗೆ 2.2 ಟನ್ ಇಂಗಾಲದ ಡೈ ಆಕ್ಸೈಡ್‌ಗಿಂತ ಕಡಿಮೆ. ಸರಳಿನ ಕಟ್ಟಿನ ತುದಿಯ ತಗಡಿನ ಟ್ಯಾಗಿನಲ್ಲಿರುವ ಹೀಟ್ ನಂಬರು (ಆ ಉಕ್ಕು ಕರಗಿಸಿದ ಸರದಿಯ ಸಂಖ್ಯೆ) ಗಿರಣಿಯ ಸರ್ಟಿಫಿಕೇಟಿಗೂ ವೇ ಬ್ರಿಡ್ಜ್ ಚೀಟಿಗೂ ತಾಳೆಯಾದರೆ ಮಾತ್ರ ಆ ಅಂಕಿ ನಂಬಬಹುದು.

ಗೋಡೆಗೆ ಬಂದರೆ ಮಾನದ ಗೊಂದಲ. ಒಂದು ಘನ ಮೀಟರ್ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕು ಸುಮಾರು 600 ಕೆ.ಜಿ., ಸಾಲಿಡ್ ಕಾಂಕ್ರೀಟ್ ಬ್ಲಾಕು ಸುಮಾರು 2,000 ಕೆ.ಜಿ. ತೂಗುತ್ತದೆ. ಕೆ.ಜಿ. ಲೆಕ್ಕದಲ್ಲಿ ಹೋಲಿಸಿದವರು ದಾರಿ ತಪ್ಪುತ್ತಾರೆ. ಗಾರೆಯನ್ನೂ ಸೇರಿಸಿ ಚದರ ಮೀಟರ್ ಗೋಡೆಗೆ ಎಷ್ಟು ಎಂದೇ ಕೇಳಬೇಕು.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಬಿಲ್ ಪಾಸಾಗುವುದು ಹೇಗೂ ಎಂ-ಬುಕ್ಕಿನ ಅಳತೆಯ ಮೇಲೆ. ಅದೇ ಪುಟದಲ್ಲಿ ಪ್ರತಿ ಐಟಂ ಎದುರು ಎರಡು ಕಾಲಂ ಸೇರಿಸಿ: ಇಂಗಾಲದ ಗುಣಾಂಕ (ಪ್ರತಿ ಮಾನಕ್ಕೆ ಎಷ್ಟು ಇಂಗಾಲ), ಅದಕ್ಕೆ ಆಧಾರವಾದ ದಾಖಲೆಯ ಸಂಖ್ಯೆ. ಮೂರನೆಯವರು ಪರಿಶೀಲಿಸಿದ, ಅವಧಿ ಮುಗಿಯದ ಇಪಿಡಿಯನ್ನು (ಉತ್ಪನ್ನದ ಪರಿಸರ ಪರಿಣಾಮದ ಘೋಷಣಾ ಪತ್ರವನ್ನು) ಸರಬರಾಜುದಾರರು ಕೊಟ್ಟರೆ ಅದರ ಅಂಕಿ; ಇಲ್ಲವಾದರೆ ಇಲಾಖೆಯ ಅಂಕಿ. ಇಲಾಖೆಯ ಅಂಕಿ ಬೇಕೆಂದೇ ಸ್ವಲ್ಪ ಹೆಚ್ಚಿರಲಿ, ಆಗ ದಾಖಲೆ ತರುವ ಆಸಕ್ತಿ ಗುತ್ತಿಗೆದಾರರಿಗೇ ಹುಟ್ಟುತ್ತದೆ. ಸೈದ್ಧಾಂತಿಕ ಸಿಮೆಂಟ್ ಬಳಕೆಗೂ ಜಿಎಸ್‌ಟಿ ಇನ್‌ವಾಯ್ಸ್‌ಗಳಲ್ಲಿನ ಒಟ್ಟು ಸಿಮೆಂಟ್ ಪ್ರಮಾಣಕ್ಕೂ 5 ಪ್ರತಿಶತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಬಿಲ್ಲಿನ ಇಂಗಾಲದ ಲೆಕ್ಕ ತಡೆಹಿಡಿಯಿರಿ. ಪರಿಶೀಲಕರಿಗೆ ಹಣ ಕೊಡುವುದು ಇಲಾಖೆಯಾಗಿರಲಿ, ಗುತ್ತಿಗೆದಾರರಲ್ಲ. ಯಾವ ಮೂರು ಕಾಂಕ್ರೀಟ್ ದಿನಗಳ ಕಡತ ಬಿಚ್ಚುವುದೆಂದು ಅವರು ಚೀಟಿ ಎತ್ತಲಿ, ಮುಂಚಿತವಾಗಿ ಯಾರಿಗೂ ತಿಳಿಯದಿರಲಿ.

2,000 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳ ಟೆಂಡರಿಗೆ ಈ ಷರತ್ತುಗಳನ್ನು ಬರುವ ಆರ್ಥಿಕ ವರ್ಷದಿಂದಲೇ ಸೇರಿಸುವ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ,
ಕೆಲವು ಸಿವಿಲ್ ಎಂಜಿನಿಯರುಗಳು