ನಾಟಕದ ಪಾಠ: ಶನಿವಾರದೊಳಗೆ ಒಂದು ಕೆಲಸ

ತುಮಕೂರು ತಾಲ್ಲೂಕಿನ ಕನ್ನಡ ಶಿಕ್ಷಕ ಮಿತ್ರರ ಗಮನಕ್ಕೆ. ನಾಟಕದ ಪಾಠವನ್ನು ದಯವಿಟ್ಟು ಸಾರಾಂಶ ಬರೆಸಿ ಮುಗಿಸಬೇಡಿ. (ಹೋದ ವರ್ಷ ನಾನೂ ಅದನ್ನೇ ಮಾಡಿದ್ದೆ.) ಪಾತ್ರ ಹಂಚಿ ಗಟ್ಟಿಯಾಗಿ ಓದಿಸಿ. ಆಮೇಲೆ ಒಂದೇ ಮಾತನ್ನು ಹಿಡಿಯಿರಿ. ‘ನಾನು ಅಲ್ಲಿಗೆ ಬರುವುದಿಲ್ಲ’, ‘ಬರುವುದಿಲ್ಲ ನಾನು ಅಲ್ಲಿಗೆ’: ಕ್ರಿಯಾಪದ ಕೊನೆಯಿಂದ ಮುಂದಕ್ಕೆ ಬಂದರೆ ಸಿಟ್ಟು ಎಷ್ಟು ಏರುತ್ತದೆ ಎಂದು ಮಕ್ಕಳೇ ಹೇಳಲಿ. ವಿಭಕ್ತಿ ಪ್ರತ್ಯಯವಿರುವುದರಿಂದ ಪದಗಳು ಜಾಗ ಬದಲಿಸಿದರೂ ಅರ್ಥ ಕೆಡುವುದಿಲ್ಲ ಎಂಬುದನ್ನು ಅಲ್ಲೇ ಸೇರಿಸಿ.

ಸ್ವಗತ, ರಂಗಸೂಚನೆ, ಸೂತ್ರಧಾರ: ಇವುಗಳ ಅರ್ಥ ಬರೆಸುವುದಕ್ಕಿಂತ ಆಡಿ ತೋರಿಸಿ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ ಎಂದರೆ ಹಿಂದಿನ ಬೆಂಚಿನವರ ಕಿವಿಯೂ ನಿಮಿರುತ್ತದೆ.

ಮಕ್ಕಳು ಬರೆದ ಒಂದೊಂದು ಸಂಭಾಷಣೆಯ ಫೋಟೊ ಶನಿವಾರದೊಳಗೆ ಈ ಗುಂಪಿನಲ್ಲಿ ಹಾಕಿ. ಶುಭೋದಯದ ಚಿತ್ರಗಳು ಬೇಡ.