ಶುಕ್ರವಾರದ ಜರ್ನಲ್ ಕ್ಲಬ್: ಫ್ಲೋ ಟ್ರಯಲ್

ಎಲ್ಲರಿಗೂ ನಮಸ್ಕಾರ. ಈ ಶುಕ್ರವಾರ ಸಂಜೆ 4ಕ್ಕೆ ಸೆಮಿನಾರ್ ಹಾಲ್‌ನಲ್ಲಿ ಜರ್ನಲ್ ಕ್ಲಬ್ (ಸಂಶೋಧನಾ ಲೇಖನ ಓದಿ ಚರ್ಚಿಸುವ ಸಭೆ) ಇದೆ. ಡ್ಯೂಟಿಯಲ್ಲಿರುವವರನ್ನು ಬಿಟ್ಟು ಆರ್ಥೋ (ಮೂಳೆ ವಿಭಾಗದ) ಪಿಜಿ ವಿದ್ಯಾರ್ಥಿಗಳೆಲ್ಲ ಬರಬೇಕು.

ಈ ಸಲ 2015ರ ಫ್ಲೋ ಟ್ರಯಲ್, ಅಂದರೆ ರೋಗಿಗಳಲ್ಲಿ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನ. ಮೂಳೆ ಮುರಿದು ಚರ್ಮವೂ ಹರಿದಾಗ ಗಾಯವನ್ನು ಹೇಗೆ ತೊಳೆಯಬೇಕು ಅನ್ನುವುದೇ ಪ್ರಶ್ನೆ. 2,400ಕ್ಕೂ ಹೆಚ್ಚು ರೋಗಿಗಳಿದ್ದರು, ಭಾರತದವರೂ ಸೇರಿ. ಸೋಪಿನ ದ್ರಾವಣದಲ್ಲಿ ತೊಳೆದವರಲ್ಲಿ ವರ್ಷದೊಳಗೆ 14.8% ಜನಕ್ಕೆ ಮತ್ತೆ ಆಪರೇಷನ್ ಬೇಕಾಯಿತು. ಬರೀ ಸಲೈನ್‌ನಲ್ಲಿ 11.6%. ತೊಳೆಯುವ ದ್ರವದ ಒತ್ತಡ ಜಾಸ್ತಿಯಿದ್ದರೂ ಕಡಿಮೆಯಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ದುಬಾರಿ ಪಂಪ್ ಇಲ್ಲದ ತಾಲ್ಲೂಕು ಆಸ್ಪತ್ರೆಗೆ ಇದು ದೊಡ್ಡ ವಿಷಯ ಅಲ್ವಾ?

ಪಿಡಿಎಫ್ ಮೇಲೆ ಹಾಕಿದ್ದೇನೆ, ದಯವಿಟ್ಟು ಓದಿಕೊಂಡೇ ಬನ್ನಿ. ಇಂಥ ಒಂದು ಕೇಸಿನ ಎಕ್ಸ್‌ರೇ ತನ್ನಿ, ರೋಗಿಯ ಹೆಸರು ಕಾಣಬಾರದು. ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.